ದೂರಕ್ಕೆ ಎಫ್‌ಪಿವಿ ಡ್ರೋನ್ ಹಾರಿಸುವುದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್‌ಪಿವಿ ಅಂದರೆ ಡ್ರೋನಿನ ಕ್ಯಾಮೆರಾಗೆ ಕಾಣುವುದನ್ನೇ ಗಾಗಲ್ಸ್‌ನಲ್ಲಿ ನೋಡುತ್ತಾ ಹಾರಿಸುವುದು. ಹಾಗೆ ಗಾಗಲ್ಸ್ ಹಾಕಿಕೊಂಡು ಬೆಟ್ಟದ ಸಾಲಿನ ಮೇಲೆ ತೇಲಿಕೊಂಡು ಹೋಗುವ ವಿಡಿಯೋ ನೋಡಿದವರಿಗೆಲ್ಲ ಒಮ್ಮೆ ತಾವೂ ಹಾರಿಸಬೇಕು ಅನಿಸುತ್ತದೆ. ಆ ವಿಡಿಯೋಗಳಲ್ಲಿ ಕಾಣದ ಭಾಗವೇ ಇಲ್ಲಿ ಜಾಸ್ತಿ ಇದೆ. ಬ್ಯಾಟರಿ, ಗಾಳಿ, ಆಂಟೆನಾ, ವಾಪಸ್ ಬರುವ ಲೆಕ್ಕ.

ಲಾಂಗ್ ರೇಂಜ್ ಅಂದರೆ ಎಷ್ಟು ದೂರ?

ಇಷ್ಟೇ ಅಂತ ಗೆರೆ ಇಲ್ಲ. ಫ್ರೀಸ್ಟೈಲ್ (ಪಲ್ಟಿ, ಕಸರತ್ತು), ರೇಸ್ ಹಾರಿಸುವವರು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೇ ಇರುತ್ತಾರೆ. ಅವರ ಬ್ಯಾಟರಿ ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಒಂದೆರಡು ಕಿಲೋಮೀಟರ್ ದಾಟಿ, 15-20 ನಿಮಿಷಕ್ಕಿಂತ ಹೆಚ್ಚು ಹಾರುವಂತೆ ಕಟ್ಟಿದ ಡ್ರೋನನ್ನು ಜನ ಲಾಂಗ್ ರೇಂಜ್ ಅನ್ನುತ್ತಾರೆ. ನಾನು ನೋಡುವ ಗುರುತು ಬೇರೆ. ಡ್ರೋನ್ ಬಿದ್ದರೆ ಸುಮ್ನೆ ನಡೆದುಕೊಂಡು ಹೋಗಿ ಎತ್ತಿಕೊಂಡು ಬರಲು ಆಗುವುದಿಲ್ಲ ಅನ್ನುವಷ್ಟು ದೂರ ಹೋದಾಗ ಅದು ಲಾಂಗ್ ರೇಂಜ್. ಅಲ್ಲಿಂದ ಮುಂದೆ ಫ್ರೇಮ್, ಬ್ಯಾಟರಿ, ಸೆಟ್ಟಿಂಗ್ ಎಲ್ಲವನ್ನೂ ವಾಪಸ್ ಬರುವ ದೃಷ್ಟಿಯಿಂದಲೇ ಆರಿಸಬೇಕು. ಈ ಪುಟದ ಉತ್ತರಗಳೆಲ್ಲ ಅದೇ ಯೋಚನೆಯಲ್ಲಿ ಬರೆದವು.

ಕಾನೂನು ಏನು ಹೇಳುತ್ತದೆ?

ಬಹಳಷ್ಟು ದೇಶಗಳಲ್ಲಿ ಡ್ರೋನ್ ಕಣ್ಣಳತೆಯಲ್ಲೇ ಇರಬೇಕು ಎಂಬ ನಿಯಮವಿದೆ. ಗಾಗಲ್ಸ್ ಹಾಕಿದವರಿಗೆ ಸುತ್ತಲಿನ ಆಕಾಶ ಕಾಣುವುದಿಲ್ಲ. ಹಾಗಾಗಿ ಪಕ್ಕದಲ್ಲಿ ಇನ್ನೊಬ್ಬರು ನಿಂತು ಬರಿಗಣ್ಣಲ್ಲಿ ಡ್ರೋನನ್ನು ನೋಡುತ್ತಿರಬೇಕು ಎಂದು ಅಮೆರಿಕ, ಯುರೋಪ್ ಒಕ್ಕೂಟದ ನಿಯಮಗಳು ಹೇಳುತ್ತವೆ. ಎತ್ತರದ ಮಿತಿ ಹಲವು ಕಡೆ 120 ಮೀಟರ್, ಅಂದರೆ ಸುಮಾರು 400 ಅಡಿ. 250 ಗ್ರಾಂ ಎಂಬ ತೂಕದ ಗೆರೆಯೂ ಅನೇಕ ದೇಶಗಳಲ್ಲಿದೆ, ಆದರೆ ಅದರ ಕೆಳಗಿರುವ ಡ್ರೋನ್‌ಗೆ ಸಿಗುವ ವಿನಾಯಿತಿ ಒಂದೊಂದು ಕಡೆ ಒಂದೊಂದು ಥರ. ಕಣ್ಣಳತೆ ಮೀರಿ ಹಾರಿಸಲು ಸಾಮಾನ್ಯವಾಗಿ ಬೇರೆಯೇ ಅನುಮತಿ ಬೇಕು. ರೇಡಿಯೋ ಯಾವ ಬ್ಯಾಂಡ್‌ನಲ್ಲಿ, ಎಷ್ಟು ಪವರ್‌ನಲ್ಲಿ ಕೆಲಸ ಮಾಡಬಹುದು ಎನ್ನುವುದಕ್ಕೂ ಪ್ರತ್ಯೇಕ ನಿಯಮಗಳಿವೆ. ನೀವು ಹಾರಿಸುವ ಜಾಗದ ನಿಯಮ ಓದಿ, ಆಮೇಲೆ ದುಡ್ಡು ಖರ್ಚು ಮಾಡಿ. ಮನುಷ್ಯರು ಕೂತ ಹೆಲಿಕಾಪ್ಟರ್, ಪ್ಯಾರಾಗ್ಲೈಡರ್‌ಗಳೂ ಇದೇ ಆಕಾಶದಲ್ಲಿ ಹಾರುತ್ತವೆ. ಅವರಿಗೆ ನಿಮ್ಮ ಡ್ರೋನ್ ಕಾಣುವುದೇ ಇಲ್ಲ.

ನಾನು ಇದುವರೆಗೆ ಡ್ರೋನೇ ಹಾರಿಸಿಲ್ಲ. ನೇರವಾಗಿ ಇದಕ್ಕೇ ಇಳಿಯಬಹುದಾ?

ಬೇಡ. ಮೊದಲು ರೇಡಿಯೋ ಕಂಟ್ರೋಲರ್ ಒಂದನ್ನೇ ಕೊಳ್ಳಿ. ಅದನ್ನು ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಲಿಫ್ಟ್‌ಆಫ್, ವೆಲೋಸಿಡ್ರೋನ್ ಥರದ ಸಿಮ್ಯುಲೇಟರ್‌ನಲ್ಲಿ ಹಾರಿಸಿ. ಅಕ್ರೋ ಮೋಡ್‌ನಲ್ಲೇ ಕಲಿಯಿರಿ. ಅದರಲ್ಲಿ ಸ್ಟಿಕ್ ಬಿಟ್ಟರೆ ಡ್ರೋನ್ ತಾನಾಗಿ ನೆಟ್ಟಗಾಗುವುದಿಲ್ಲ, ಬಾಗಿದ ಕೋನದಲ್ಲೇ ಇರುತ್ತದೆ. ದೂರದ ಹಾರಾಟಕ್ಕೆ ಅದೇ ಹಿತ, ಏಕೆಂದರೆ ಮೂತಿಯನ್ನು ಸ್ವಲ್ಪ ಬಾಗಿಸಿ ಬಿಟ್ಟರೆ ಅದೇ ಕೋನದಲ್ಲಿ ಕಿಲೋಮೀಟರ್‌ಗಟ್ಟಲೆ ಸಾಗಬಹುದು. ಸಿಮ್ಯುಲೇಟರ್‌ನಲ್ಲಿ ಯೋಚಿಸದೆ ಕೈ ಓಡುವಂತಾದ ಮೇಲೆ ಚಿಕ್ಕ ಡ್ರೋನ್ ಒಂದನ್ನು ಹತ್ತಿರದಲ್ಲೇ ಹಾರಿಸಿ ಬೀಳಿಸಿ, ರಿಪೇರಿ ಮಾಡಿ. ಬೆಸುಗೆ ಹಾಕುವುದು, ಪ್ರೊಪೆಲ್ಲರ್ ಬದಲಿಸುವುದು, ಡ್ರೋನಿನ ಒಳಗೆ ಓಡುವ ಸಾಫ್ಟ್‌ವೇರ್ ಆದ ಬೀಟಾಫ್ಲೈಟ್‌ನ ಸೆಟ್ಟಿಂಗ್ ಓದುವುದು ಎಲ್ಲ ಆ ಹೊತ್ತಿನಲ್ಲೇ ಬರುತ್ತದೆ.

ಯಾವ ಸೈಜ್ ತೆಗೆದುಕೊಳ್ಳಲಿ?

ಇಲ್ಲಿ ಇಂಚು ಅಂದರೆ ಪ್ರೊಪೆಲ್ಲರ್ ಅಳತೆ. ಲಾಂಗ್ ರೇಂಜ್‌ನಲ್ಲಿ ಎರಡು ಸೈಜ್‌ಗಳು ಹೆಚ್ಚು ಓಡುತ್ತವೆ, 4 ಇಂಚು ಮತ್ತು 7 ಇಂಚು.

4 ಇಂಚಿನದು ಹಗುರ, 250 ಗ್ರಾಂ ಆಸುಪಾಸಿನಲ್ಲಿ ಕಟ್ಟಬಹುದು. ಸದ್ದು ಕಡಿಮೆ, ಬಿದ್ದರೆ ಹಾನಿಯೂ ಕಡಿಮೆ. ಸಣ್ಣ 4ಎಸ್ (ನಾಲ್ಕು ಸೆಲ್ ಸಾಲಾಗಿ ಜೋಡಿಸಿದ) ಲಿಥಿಯಂ ಅಯಾನ್ ಪ್ಯಾಕ್ ಹಾಕಿದರೆ ಶಾಂತವಾದ ಗಾಳಿಯಲ್ಲಿ 20 ನಿಮಿಷ ದಾಟುತ್ತದೆ. ಜೋರು ಗಾಳಿ ಬಂದರೆ ಮಾತ್ರ ಒದ್ದಾಡುತ್ತದೆ.

7 ಇಂಚಿನದು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಆಕ್ಷನ್ ಕ್ಯಾಮೆರಾ ಹೊರುತ್ತದೆ, 6ಎಸ್ ಬ್ಯಾಟರಿಯಲ್ಲಿ ಅರ್ಧ ಗಂಟೆಯ ಹಾರಾಟವೂ ಸಾಧ್ಯ. ಆದರೆ ಒಂದು ಕಿಲೋ ದಾಟುವ ವಸ್ತು ಮೇಲಿಂದ ಬಿದ್ದರೆ ಏನಾಗುತ್ತದೆ ಎನ್ನುವುದು ತಲೆಯಲ್ಲಿರಲಿ.

ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿ ಹೆಚ್ಚು ಗಾಳಿಯನ್ನು ಮೆಲ್ಲಗೆ ಕೆಳಕ್ಕೆ ತಳ್ಳುತ್ತದೆ. ಚಿಕ್ಕದು ಸ್ವಲ್ಪ ಗಾಳಿಯನ್ನೇ ಜೋರಾಗಿ ತಳ್ಳಬೇಕು. ಅಷ್ಟೇ ಭಾರ ಎತ್ತಲು ಮೊದಲನೆಯದಕ್ಕೆ ಕರೆಂಟ್ ಕಡಿಮೆ ಸಾಕು. ಮೂರು ಎಲೆಯದರ ಬದಲು ಎರಡು ಎಲೆಯ ಪ್ರೊಪೆಲ್ಲರ್‌ಗಳನ್ನು ಇಲ್ಲಿ ಹೆಚ್ಚು ಇಷ್ಟಪಡುವುದೂ ಕರೆಂಟ್ ಉಳಿಸುವುದಕ್ಕೇ.

ಮೊದಲ ಲಾಂಗ್ ರೇಂಜ್ ಡ್ರೋನ್‌ಗೆ ನನ್ನ ಆಯ್ಕೆ 4 ಇಂಚು. ಕಲಿಯುವಾಗ ಹಗುರವಾದದ್ದೇ ಒಳ್ಳೆಯದು.

ವಿಮಾನದ ಥರದ ವಿಂಗ್ ಒಳ್ಳೆಯದಲ್ವಾ?

ಬರೀ ದೂರವೇ ಗುರಿಯಾದರೆ ಹೌದು. ರೆಕ್ಕೆಯೇ ಭಾರ ಹೊರುವುದರಿಂದ ಮೋಟರ್ ಮುಂದಕ್ಕೆ ಎಳೆದರೆ ಸಾಕು, ಅದೇ ಬ್ಯಾಟರಿಯಲ್ಲಿ ಎಷ್ಟೋ ಜಾಸ್ತಿ ಹೋಗುತ್ತದೆ. ಆದರೆ ನಿಂತಲ್ಲೇ ನಿಲ್ಲಲು ಆಗದು, ಇಳಿಸಲು ಜಾಗ ಬೇಕು.

ಲಿಪೋ ಬ್ಯಾಟರಿಯೋ, ಲಿಥಿಯಂ ಅಯಾನೋ?

ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಒಮ್ಮೆಲೇ ಬಹಳ ಕರೆಂಟ್ ಕೊಡುತ್ತದೆ. ಲಿಥಿಯಂ ಅಯಾನ್ ಸೆಲ್ ಅಷ್ಟು ಕೊಡಲಾರದು, ಆದರೆ ಅದೇ ತೂಕಕ್ಕೆ ಹೆಚ್ಚು ಶಕ್ತಿ ತುಂಬಿಕೊಂಡಿರುತ್ತದೆ. ನಿಧಾನಕ್ಕೆ ತುಂಬಾ ಹೊತ್ತು ಹಾರುವವರಿಗೆ ಬೇಕಾದದ್ದು ಇದೇ.

ಸೆಲ್ ಮೇಲಿನ ಸಂಖ್ಯೆಗಳು ಅದರ ಅಳತೆ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 21700 ಅಂದರೆ 21 ಮತ್ತು 70. ಎಲ್ಲ ಸೆಲ್‌ಗಳೂ ಡ್ರೋನ್‌ಗೆ ಆಗುವುದಿಲ್ಲ. ಟಾರ್ಚ್, ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಹಳೆಯ ಸೆಲ್ ಬೇಡವೇ ಬೇಡ. ಮೋಲಿಸೆಲ್ ಪಿ42ಎ, ಸ್ಯಾಮ್‌ಸಂಗ್ 30ಕ್ಯೂ ಥರ, ಹೆಚ್ಚು ಕರೆಂಟ್ ಕೊಡಬಲ್ಲ ಸೆಲ್‌ಗಳ ಪ್ಯಾಕ್ ಬೇಕು. ಹೆಸರಾಂತ ಸೆಲ್‌ಗಳ ನಕಲಿ ಮಾರುಕಟ್ಟೆಯಲ್ಲಿ ಬಹಳ, ನಂಬಿಕೆಯ ಕಡೆ ಕೊಳ್ಳಿ.

ಒಂದು ಸೂಕ್ಷ್ಮ ಇದೆ. ಲಿಪೋ ಬ್ಯಾಟರಿಯನ್ನು ಸೆಲ್‌ಗೆ 3.5 ವೋಲ್ಟ್ ಹತ್ತಿರ ಬಂದಾಗ ಇಳಿಸುತ್ತೇವೆ. ಲಿಥಿಯಂ ಅಯಾನ್‌ನಲ್ಲಿ 3.5 ವೋಲ್ಟ್ ತೋರುವಾಗ ಇನ್ನೂ ಗಣನೀಯ ಶಕ್ತಿ ಉಳಿದಿರುತ್ತದೆ, 3 ವೋಲ್ಟ್ ತನಕ ಬಳಸುವುದು ರೂಢಿ. ಬೀಟಾಫ್ಲೈಟ್‌ನ ವೋಲ್ಟೇಜ್ ಎಚ್ಚರಿಕೆಯನ್ನು ಮೊದಲೇ ಲಿಪೋಗೆ ಹೊಂದಿಸಿರುತ್ತಾರೆ. ಅದನ್ನು ಬದಲಿಸದಿದ್ದರೆ ಅರ್ಧ ದಾರಿಯಲ್ಲೇ ಎಚ್ಚರಿಕೆ ಮಿನುಗಲು ಶುರುವಾಗಿ, ಕೊನೆಗೆ ನೀವು ಎಚ್ಚರಿಕೆಯನ್ನೇ ಲಕ್ಷಿಸದಂತಾಗುತ್ತೀರಿ. ಚಳಿಯಲ್ಲಿ ಈ ಸೆಲ್‌ಗಳ ವೋಲ್ಟೇಜ್ ಇನ್ನೂ ಬೇಗ ಕುಸಿಯುತ್ತದೆ, ಹಾರಿಸುವ ತನಕ ಪ್ಯಾಕನ್ನು ಬೆಚ್ಚಗಿಡಿ.

ಕಂಟ್ರೋಲ್ ಸಿಗ್ನಲ್‌ಗೆ 2.4 ಗಿಗಾಹರ್ಟ್ಸ್ ಸಾಕಾ, 900 ಮೆಗಾಹರ್ಟ್ಸ್ ಬೇಕಾ?

ಹೊಸಬರಿಗೆ 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಧಾರಾಳವಾಗಿ ಸಾಕು. ಇದು ನಿಮ್ಮ ಕೈಯ ರೇಡಿಯೋದಿಂದ ಡ್ರೋನಿಗೆ ಆದೇಶ ಕಳಿಸುವ ಸಿಸ್ಟಮ್, ಓಪನ್ ಸೋರ್ಸ್, ಹಲವು ಕಂಪನಿಗಳ ರೇಡಿಯೋ ಮತ್ತು ರಿಸೀವರ್‌ಗಳಲ್ಲಿ ಸಿಗುತ್ತದೆ, ಆಂಟೆನಾ ಚಿಕ್ಕದು. 868 ಅಥವಾ 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕ್ರಾಸ್‌ಫೈರ್ (ಅಂಥದ್ದೇ ಇನ್ನೊಂದು ಸಿಸ್ಟಮ್), 900ರ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ ಮರಗಿಡಗಳನ್ನು ಸ್ವಲ್ಪ ಚೆನ್ನಾಗಿ ದಾಟುತ್ತವೆ. ಆಂಟೆನಾ ಮಾತ್ರ ಉದ್ದ, ಮತ್ತು ಯಾವ ಬ್ಯಾಂಡ್‌ಗೆ ಅನುಮತಿ ಇದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ.

ಡ್ರೋನ್ ಮೇಲಿನ ರಿಸೀವರ್ ಆಂಟೆನಾ ಕಾರ್ಬನ್ ಫೈಬರ್ ಫ್ರೇಮಿಗೆ ಅಂಟಿಕೊಂಡಿರಬಾರದು. ಕಾರ್ಬನ್ ಸಿಗ್ನಲ್‌ಗೆ ಗೋಡೆ ಇದ್ದ ಹಾಗೆ. ಆಂಟೆನಾದ ತುದಿ ನಿಮ್ಮ ಕಡೆಗೇ ಮುಖ ಮಾಡಿದ್ದರೂ ಸಿಗ್ನಲ್ ಕುಸಿಯುತ್ತದೆ. ಅದರ ಬಲ ಇರುವುದು ಪಕ್ಕಗಳಲ್ಲಿ.

ಪವರ್ ಹೆಚ್ಚಿಸಿದರೆ ದೂರ ಹೆಚ್ಚಾಗುತ್ತದೆ ಅಲ್ವಾ?

ಆಗುತ್ತದೆ, ನೀವಂದುಕೊಂಡಷ್ಟಲ್ಲ. ದೂರ ಎರಡು ಪಟ್ಟಾಗಬೇಕಾದರೆ ಪವರ್ ನಾಲ್ಕು ಪಟ್ಟು ಬೇಕು. 100 ಮಿಲಿವಾಟ್‌ನಲ್ಲಿ ಒಂದು ದೂರ ಸಿಕ್ಕರೆ, ಅದರ ಎರಡರಷ್ಟಕ್ಕೆ 400 ಮಿಲಿವಾಟ್, ನಾಲ್ಕರಷ್ಟಕ್ಕೆ 1600.

ಡೆಸಿಬಲ್‌ನಲ್ಲಿ ಹೇಳಿದರೆ, ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಹೋಗುತ್ತದೆ. ಇದು ಕೈಯಲ್ಲಿದ್ದರೆ ಗಾಗಲ್ಸ್‌ನಲ್ಲಿ ಕಾಣುವ ಆರ್‌ಎಸ್‌ಎಸ್‌ಐ, ಅಂದರೆ ಬಂದು ಮುಟ್ಟಿದ ಸಿಗ್ನಲ್‌ನ ಬಲದ ಅಂಕಿಗೆ ಅರ್ಥ ಬರುತ್ತದೆ. ಅದರ ಅಳತೆ ಡಿಬಿಎಂ, ಮೈನಸ್ ಹೆಚ್ಚಿದಷ್ಟೂ ಸಿಗ್ನಲ್ ಕ್ಷೀಣ. 1 ಕಿಲೋಮೀಟರ್‌ನಲ್ಲಿ ಮೈನಸ್ 90 ಡಿಬಿಎಂ ಇದೆ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಏನೂ ಅಡ್ಡ ಇಲ್ಲದಿದ್ದರೆ 2 ಕಿಲೋಮೀಟರ್‌ನಲ್ಲಿ ಮೈನಸ್ 96, 4ರಲ್ಲಿ ಮೈನಸ್ 102, 8ರಲ್ಲಿ ಮೈನಸ್ 108. 2.4 ಗಿಗಾಹರ್ಟ್ಸ್ ಎಕ್ಸ್‌ಪ್ರೆಸ್ ಎಲ್‌ಆರ್‌ಎಸ್ 250 ಹರ್ಟ್ಸ್ ಪ್ಯಾಕೆಟ್ ರೇಟ್‌ನಲ್ಲಿ (ಸೆಕೆಂಡಿಗೆ 250 ಸಲ ಆದೇಶ ಕಳಿಸುವಾಗ) ಕೇಳಿಸಿಕೊಳ್ಳಬಲ್ಲ ಮಿತಿಯೇ ಮೈನಸ್ 108. ಅಲ್ಲಿಗೆ ಮುಗಿಯಿತು. ಅದೇ ಸಿಸ್ಟಮ್ಮನ್ನು 50 ಹರ್ಟ್ಸ್‌ಗೆ ಇಳಿಸಿದರೆ ಮಿತಿ ಮೈನಸ್ 115ಕ್ಕೆ ಹೋಗುತ್ತದೆ. ಪವರ್ ನಾಲ್ಕು ಪಟ್ಟು ಮಾಡಿದ್ದಕ್ಕಿಂತ ಜಾಸ್ತಿ ಲಾಭ, ಒಂದು ಸೆಟ್ಟಿಂಗ್ ಬದಲಿಸಿದ್ದಕ್ಕೆ. ರೇಸ್ ಹಾರಿಸುವವರಿಗೆ 50 ಹರ್ಟ್ಸ್ ತಡವೆನಿಸಬಹುದು, ಮೆಲ್ಲಗೆ ತೇಲುವವರಿಗೆ ಗೊತ್ತೂ ಆಗುವುದಿಲ್ಲ.

ಮಿತಿಯ ತನಕ ಹೋಗಬೇಡಿ. 10 ಡೆಸಿಬಲ್ ಬಾಕಿ ಇರುವಾಗಲೇ ತಿರುಗಿ. ಲಿಂಕ್ ಕ್ವಾಲಿಟಿ (ಕಳಿಸಿದ ಆದೇಶಗಳಲ್ಲಿ ನೂರಕ್ಕೆ ಎಷ್ಟು ತಲುಪಿದವು ಎಂಬ ಅಂಕಿ) 70ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಆರ್‌ಎಸ್‌ಎಸ್‌ಐ ಎಷ್ಟೇ ಚೆನ್ನಾಗಿ ಕಂಡರೂ ತಿರುಗಿ. ಅಲ್ಲೆಲ್ಲೋ ಬೇರೆ ಸಿಗ್ನಲ್‌ಗಳ ಗದ್ದಲ ಇದೆ ಎಂದರ್ಥ.

ವಿಡಿಯೋ ಅನಲಾಗ್ ಇರಲೋ, ಡಿಜಿಟಲ್ ಇರಲೋ?

ಎರಡೂ ನಡೆಯುತ್ತವೆ. ಅನಲಾಗ್‌ನಲ್ಲಿ ಚಿತ್ರ ಸ್ವಲ್ಪಸ್ವಲ್ಪವೇ ಹಾಳಾಗುತ್ತದೆ. ಮೊದಲು ಚುಕ್ಕಿಗಳು, ಆಮೇಲೆ ಗೆರೆಗಳು, ಬಣ್ಣ ಹೋಗುತ್ತದೆ, ಆಗಲೂ ಬೆಟ್ಟದ ಅಂಚು ಯಾವುದು ಆಕಾಶ ಯಾವುದು ಅಂತ ಗೊತ್ತಾಗುತ್ತಿರುತ್ತದೆ. ಡಿಜೆಐ, ವಾಕ್ಸ್‌ನೇಲ್‌ನಂಥ ಡಿಜಿಟಲ್ ಸಿಸ್ಟಮ್‌ಗಳಲ್ಲಿ ಚಿತ್ರ ಕೊನೆಯ ತನಕ ಚೆಂದ, ಆಮೇಲೆ ಚೌಕಚೌಕವಾಗಿ ಒಡೆದು ತಟಕ್ಕನೆ ನಿಂತುಬಿಡಬಹುದು. ಡಿಜಿಟಲ್‌ನಲ್ಲಿ ಬಿಟ್‌ರೇಟ್ (ಸೆಕೆಂಡಿಗೆ ಬರುವ ವಿಡಿಯೋ ಡೇಟಾ) ಅಂಕಿಯನ್ನು ಪರದೆಯ ಮೇಲೆ ಇಟ್ಟುಕೊಂಡು ಅದು ಇಳಿಯುವುದನ್ನು ಗಮನಿಸುವುದು ರೂಢಿಯಾಗಬೇಕು. ವಿದ್ಯುತ್ ತಂತಿಗಳು ಕಾಣುತ್ತವೆ ಎಂಬ ಒಂದೇ ಕಾರಣಕ್ಕೆ ನಾನು ಹೊಸಬರಿಗೆ ಡಿಜಿಟಲ್ ಹೇಳುತ್ತೇನೆ.

ಹೆಚ್ಚಿನವು 5.8 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಇನ್ನೂ ದೂರಕ್ಕೆ 1.2-1.3 ಗಿಗಾಹರ್ಟ್ಸ್ ಅನಲಾಗ್ ಬಳಸುವವರಿದ್ದಾರೆ. ಆದರೆ ಜಿಪಿಎಸ್ ಸಿಗ್ನಲ್ 1.575 ಗಿಗಾಹರ್ಟ್ಸ್‌ನಲ್ಲಿ ಬರುತ್ತದೆ, ಪಕ್ಕದಲ್ಲೇ ಕಿರುಚುವ ಟ್ರಾನ್ಸ್‌ಮಿಟರ್ ಇದ್ದರೆ ಅದು ಮುಳುಗಿಹೋಗುತ್ತದೆ. ಮೊದಲ ಡ್ರೋನ್‌ಗೆ ಆ ತಲೆನೋವು ಬೇಡ.

ಗಾಗಲ್ಸ್‌ಗೆ ಎರಡು ಥರದ ಆಂಟೆನಾ ಹಾಕಿ. ಸುತ್ತಲೂ ಕೇಳಿಸಿಕೊಳ್ಳುವ ಓಮ್ನಿ ಒಂದು, ಒಂದೇ ದಿಕ್ಕಿಗೆ ಬಲವಾದ ಪ್ಯಾಚ್ ಒಂದು. ಪ್ಯಾಚ್ ಇದ್ದ ಮೇಲೆ ಮುಖವನ್ನು ಡ್ರೋನ್ ಇರುವ ಕಡೆಗೇ ತಿರುಗಿಸಿ ಕೂರಬೇಕು. ಆಂಟೆನಾ ಹಾಕದೆ ವಿಡಿಯೋ ಟ್ರಾನ್ಸ್‌ಮಿಟರ್‌ಗೆ ಕರೆಂಟ್ ಕೊಡಬೇಡಿ, ಸುಟ್ಟುಹೋಗುತ್ತದೆ. ನೆಲದ ಮೇಲೆ ಗಾಳಿಯಾಡದೆ ತುಂಬಾ ಹೊತ್ತು ಇಟ್ಟರೂ ಕಾದು ಕೆಂಡವಾಗುತ್ತದೆ.

ಎದುರಿಗೆ ಏನೂ ಅಡ್ಡ ಇಲ್ಲ, ಆದರೂ ಸಿಗ್ನಲ್ ಹೋಗುತ್ತದೆ. ಯಾಕೆ?

ಬಹುಶಃ ನೀವು ಕೆಳಗೆ ಹಾರಿಸುತ್ತಿದ್ದೀರಿ. ರೇಡಿಯೋ ಅಲೆ ದಾರದ ಹಾಗೆ ಸಣ್ಣ ಗೆರೆಯಲ್ಲಿ ಸಾಗುವುದಿಲ್ಲ, ನಡುವೆ ಉಬ್ಬಿಕೊಂಡಿರುತ್ತದೆ. ಆ ಉಬ್ಬಿಗೆ ಫ್ರೆನೆಲ್ ವಲಯ ಅನ್ನುತ್ತಾರೆ. 5 ಕಿಲೋಮೀಟರ್ ದೂರಕ್ಕೆ 2.4 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಅದು ಗೆರೆಯಿಂದ ಎಲ್ಲ ಕಡೆಗೂ 12 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಹರಡಿರುತ್ತದೆ. 915 ಮೆಗಾಹರ್ಟ್ಸ್‌ನಲ್ಲಿ ಸುಮಾರು 20 ಮೀಟರ್. ನೆಲ, ಮರದ ತಲೆಗಳು ಆ ಜಾಗಕ್ಕೆ ನುಗ್ಗಿದರೆ ಕಣ್ಣಿಗೆ ದಾರಿ ಖುಲ್ಲಾ ಕಂಡರೂ ಸಿಗ್ನಲ್ ಸೋರುತ್ತದೆ. ನಿಯಮದ ಮಿತಿಯೊಳಗೇ ಸ್ವಲ್ಪ ಮೇಲೇರಿ. ನೀವೂ ಎತ್ತರದ, ಬಯಲಾದ ಜಾಗದಲ್ಲಿ ನಿಲ್ಲಿ. ಬೆಟ್ಟದ ಆಚೆ ಬದಿಗೆ ಇಳಿಯುವುದನ್ನು ಮಾತ್ರ ಯಾವ ಆಂಟೆನಾವೂ ಸರಿಮಾಡಲಾರದು.

ಯಾವಾಗ ತಿರುಗಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ವೋಲ್ಟೇಜ್ ನೋಡಿ ತೀರ್ಮಾನಿಸಬೇಡಿ. ಥ್ರಾಟಲ್ (ಮೋಟರ್ ವೇಗದ ಸ್ಟಿಕ್) ಎತ್ತಿದರೆ ಅದು ಕುಸಿಯುತ್ತದೆ, ಬಿಟ್ಟರೆ ಏರುತ್ತದೆ. ಎಷ್ಟು ಎಂಎಎಚ್ (ಮಿಲಿಆಂಪಿಯರ್-ಅವರ್, ಬ್ಯಾಟರಿಯಲ್ಲಿ ತುಂಬಿದ್ದರ ಅಳತೆ) ಖರ್ಚಾಯಿತು ಎನ್ನುವುದನ್ನು ನೋಡಿ. ಬ್ಯಾಟರಿಯ ಅರ್ಧ ಖರ್ಚಾದಾಗ ತಿರುಗಿದರಾಯಿತು ಎಂದು ಅನೇಕರು ಅಂದುಕೊಳ್ಳುತ್ತಾರೆ. ಗಾಳಿ ಬೀಸುತ್ತಿದ್ದರೆ ಆ ಲೆಕ್ಕ ಡ್ರೋನನ್ನೇ ಕಳೆಯುತ್ತದೆ.

ಒಂದು ಲೆಕ್ಕ ಮಾಡೋಣ. ಪ್ಯಾಕ್ 3000 ಎಂಎಎಚ್. ಡ್ರೋನಿನ ವೇಗ ಗಂಟೆಗೆ 60 ಕಿಲೋಮೀಟರ್, ಆಗ ಅದು ಎಳೆಯುವುದು 6 ಆಂಪಿಯರ್, ಅಂದರೆ ನಿಮಿಷಕ್ಕೆ 100 ಎಂಎಎಚ್. ಗಾಳಿ ಗಂಟೆಗೆ 20 ಕಿಲೋಮೀಟರ್, ನಿಮ್ಮ ಬೆನ್ನಿಂದ ಬೀಸುತ್ತಿದೆ. ಹೋಗುವಾಗ ನೆಲದ ಮೇಲಿನ ವೇಗ 80. ಹಿತವಾಗಿರುತ್ತದೆ. 12 ನಿಮಿಷದಲ್ಲಿ 1200 ಎಂಎಎಚ್ ಖರ್ಚಾಗಿ 16 ಕಿಲೋಮೀಟರ್ ತಲುಪಿರುತ್ತೀರಿ. ಅರ್ಧವೂ ಆಗಿಲ್ಲ, ಇನ್ನೂ 1800 ಇದೆ. ತಿರುಗಿದಿರಿ. ಈಗ ವೇಗ 40. ಆ 1800ರಲ್ಲಿ 18 ನಿಮಿಷ ಹಾರಬಹುದು, ಅಂದರೆ 12 ಕಿಲೋಮೀಟರ್. ನೀವು ನಿಂತ ಜಾಗಕ್ಕೆ ಇನ್ನೂ 4 ಕಿಲೋಮೀಟರ್ ಇರುವಾಗ ಪ್ಯಾಕ್ ಪೂರ್ತಿ ಖಾಲಿ.

ಅದಕ್ಕೇ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯೇ ತಳ್ಳಿಕೊಂಡು ಬರಲಿ. ನೆಲದ ಮೇಲೆ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಜೋರಿರಬಹುದು. ಏರಿದ ಮೇಲೆ ಒಂದು ಸುತ್ತು ಹಾಕಿ, ಒಂದೇ ಥ್ರಾಟಲ್‌ನಲ್ಲಿ ಯಾವ ದಿಕ್ಕಿಗೆ ಜಿಪಿಎಸ್ ವೇಗ ಕಡಿಮೆ ಅಂತ ನೋಡಿ. ಆ ದಿಕ್ಕಿನಿಂದ ಗಾಳಿ ಬರುತ್ತಿದೆ. ಶಾಂತ ದಿನವಾದರೂ ಮೂರನೇ ಒಂದು ಭಾಗ ಖರ್ಚಾದಾಗ ತಿರುಗುವುದು ನನ್ನ ಪದ್ಧತಿ.

ಎಂಎಎಚ್ ಅಂಕಿಯನ್ನು ನಂಬಬಹುದಾ?

ಅಳತೆ ಸರಿಪಡಿಸಿದ ಮೇಲೆ ನಂಬಬಹುದು. ಹಾರಿಸಿ ಬಂದು ಚಾರ್ಜ್ ಮಾಡಿ, ಚಾರ್ಜರ್ ಎಷ್ಟು ತುಂಬಿಸಿತು ನೋಡಿ. ಪರದೆಯಲ್ಲಿ 1200 ತೋರಿಸಿತ್ತು, ಚಾರ್ಜರ್ 1500 ತುಂಬಿಸಿತು ಅಂದರೆ ಸೆನ್ಸರ್ ಕಡಿಮೆ ಹೇಳುತ್ತಿದೆ. ಬೀಟಾಫ್ಲೈಟ್‌ನ ಕರೆಂಟ್ ಸ್ಕೇಲನ್ನು 1200ರಿಂದ ಗುಣಿಸಿ 1500ರಿಂದ ಭಾಗಿಸಿ. 400 ಇದ್ದರೆ 320 ಆಗುತ್ತದೆ. ಎರಡು ಮೂರು ಪ್ಯಾಕ್‌ಗಳಲ್ಲಿ ಹೀಗೆ ಮಾಡಿದರೆ ಹೊಂದಿಕೊಳ್ಳುತ್ತದೆ. ಇದನ್ನು ಮಾಡದೆ ದೂರ ಹೋಗಬೇಡಿ.

ಜಿಪಿಎಸ್ ರೆಸ್ಕ್ಯೂ ಇದ್ದರೆ ತಾನೇ ವಾಪಸ್ ಬರುತ್ತದಲ್ವಾ?

ಸರಿಯಾಗಿ ಹೊಂದಿಸಿ, ಪರೀಕ್ಷಿಸಿ ನೋಡಿದ್ದರೆ ಬರುತ್ತದೆ. ಬೀಟಾಫ್ಲೈಟ್‌ನಲ್ಲಿ ಸಿಗ್ನಲ್ ಹೋದಾಗ ಮೊದಲಿನಿಂದ ಇರುವ ಆಯ್ಕೆ ಡ್ರಾಪ್, ಅಂದರೆ ಮೋಟರ್ ನಿಂತು ಬೀಳುವುದು. ಹತ್ತಿರ ಹಾರಿಸುವವರಿಗೆ ಅದೇ ಸುರಕ್ಷಿತ. ನೀವು ಅದನ್ನು ಜಿಪಿಎಸ್ ರೆಸ್ಕ್ಯೂಗೆ ಬದಲಿಸಬೇಕು.

ಮನೆಯ ಜಾಗ, ಅಂದರೆ ಡ್ರೋನ್ ವಾಪಸ್ ಬರಬೇಕಾದ ಜಾಗ, ದಾಖಲಾಗುವುದು ಆರ್ಮ್ ಮಾಡಿದ (ಮೋಟರ್ ಚಾಲೂ ಮಾಡಿದ) ಕ್ಷಣದಲ್ಲಿ. ಕನಿಷ್ಠ 8 ಉಪಗ್ರಹ ಸಿಗುವ ತನಕ ಕಾಯಿರಿ, ಇನ್ನೂ ಒಂದು ನಿಮಿಷ ಕಾದರೆ ಇನ್ನೂ ಒಳ್ಳೆಯದು. ಎದ್ದ ತಕ್ಷಣ 50 ಮೀಟರ್ ಆಚೆ ಹೋಗಿ, ಮನೆಯ ಬಾಣ ನಿಮ್ಮ ಕಡೆಗೇ ತೋರಿಸುತ್ತಿದೆಯೇ ನೋಡಿ.

ರೆಸ್ಕ್ಯೂಗೆ ಕಣ್ಣಿಲ್ಲ. ಮುಂದೆ ಮರ, ಗುಡ್ಡ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಎತ್ತರದ ಲೆಕ್ಕವೆಲ್ಲ ನೀವು ಹೊರಟ ಜಾಗದಿಂದ. ನಡುವೆ 80 ಮೀಟರ್ ಗುಡ್ಡ ಇದ್ದು, ವಾಪಸಾಗುವ ಎತ್ತರ 50 ಇದ್ದರೆ ಡ್ರೋನ್ ನೇರ ಗುಡ್ಡಕ್ಕೆ ಹೊಡೆಯುತ್ತದೆ. ಹಾರಾಟದಲ್ಲಿ ಮುಟ್ಟಿದ ಅತಿ ಹೆಚ್ಚಿನ ಎತ್ತರವನ್ನು ಆಧಾರವಾಗಿಟ್ಟುಕೊಳ್ಳುವ ಆಯ್ಕೆ ಇದೆ, ಅದನ್ನೇ ಇಡಿ.

ಪರೀಕ್ಷೆಗೆ ರೇಡಿಯೋ ಆಫ್ ಮಾಡಬೇಡಿ. ರೆಸ್ಕ್ಯೂ ಅನ್ನು ಒಂದು ಸ್ವಿಚ್‌ಗೆ ಕೊಟ್ಟು, 150 ಮೀಟರ್ ದೂರದಲ್ಲಿ, ಸಾಕಷ್ಟು ಎತ್ತರದಲ್ಲಿ ಆ ಸ್ವಿಚ್ ಹಾಕಿ. ಅದು ಏರುತ್ತದೆ, ಮೂತಿ ತಿರುಗಿಸುತ್ತದೆ, ಹೊರಡುತ್ತದೆ. ಬೇರೆ ದಿಕ್ಕಿಗೆ ಹೊರಟರೆ ತಕ್ಷಣ ಸ್ವಿಚ್ ತೆಗೆದು ನೀವೇ ಹಾರಿಸಿಕೊಂಡು ಬನ್ನಿ.

ಒಂದೇ ಜಾಗದಲ್ಲಿ ನಿಲ್ಲುವುದು, ಗುರುತಿಸಿದ ದಾರಿಯಲ್ಲಿ ತಾನೇ ಹೋಗುವುದು ಇವೆಲ್ಲ ಬೇಕೆಂದರೆ ಬೀಟಾಫ್ಲೈಟ್ ಬದಲು ಹಾಕುವ ಸಾಫ್ಟ್‌ವೇರ್‌ಗಳಾದ ಐನ್ಯಾವ್ ಅಥವಾ ಆರ್ಡುಪೈಲಟ್ ನೋಡಿ. ಕಲಿಯಲು ಸಮಯ ಹಿಡಿಯುತ್ತದೆ.

ಹಾರುತ್ತಿರುವಾಗಲೇ ವಿಡಿಯೋ ಹೋದರೆ?

ಸಾಮಾನ್ಯವಾಗಿ ಮೊದಲು ಕೈಕೊಡುವುದು ವಿಡಿಯೋ, ಕಂಟ್ರೋಲ್ ಇನ್ನೂ ಇರುತ್ತದೆ. ಗಾಬರಿಯಲ್ಲಿ ಡಿಸ್‌ಆರ್ಮ್ ಮಾಡಬೇಡಿ, ಮೋಟರ್ ನಿಂತು ಬೀಳುತ್ತದೆ. ಥ್ರಾಟಲ್ ಸ್ವಲ್ಪ ಏರಿಸಿ, ಎತ್ತರ ಸಿಕ್ಕರೆ ಚಿತ್ರ ಮರಳುವುದು ಹೆಚ್ಚು. ಒಂದೆರಡು ಸೆಕೆಂಡಿನಲ್ಲಿ ಬರದಿದ್ದರೆ ರೆಸ್ಕ್ಯೂ ಸ್ವಿಚ್ ಹಾಕಿ. ಚಿತ್ರ ಬಂದ ಕೂಡಲೇ ಸ್ವಿಚ್ ತೆಗೆಯಬೇಡಿ, ಸಿಗ್ನಲ್ ಗಟ್ಟಿಯಾಗುವಷ್ಟು ಹತ್ತಿರ ಬರಲಿ.

ಬಿದ್ದುಹೋದರೆ ಹುಡುಕುವುದು ಹೇಗೆ?

ಗಾಗಲ್ಸ್‌ನ ರೆಕಾರ್ಡಿಂಗ್ ಯಾವಾಗಲೂ ಆನ್ ಇರಲಿ, ಪರದೆಯ ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಕಾಣುತ್ತಿರಲಿ. ಕೊನೆಯ ಫ್ರೇಮ್‌ನಲ್ಲಿ ಇರುವ ಅಂಕಿಗಳೇ ನಿಮ್ಮ ದಾರಿ. ರೇಡಿಯೋದ ಟೆಲಿಮೆಟ್ರಿಯಲ್ಲೂ (ಡ್ರೋನ್ ವಾಪಸ್ ಕಳಿಸುವ ಮಾಹಿತಿ) ಕೊನೆಯದಾಗಿ ಬಂದ ಜಾಗ ಉಳಿದಿರುತ್ತದೆ, ಆದ್ದರಿಂದ ಡ್ರೋನ್ ಬಿದ್ದರೆ ರೇಡಿಯೋ ಆಫ್ ಮಾಡುವ ಮೊದಲು ಅದರ ಫೋಟೋ ತೆಗೆದುಕೊಳ್ಳಿ. ಸ್ವಂತ ಚಿಕ್ಕ ಬ್ಯಾಟರಿ ಇರುವ ಬಜರ್ ಹಾಕಿ. ಮುಖ್ಯ ಬ್ಯಾಟರಿ ಕಿತ್ತು ಬಿದ್ದರೂ ಅದು ಕೂಗುತ್ತಲೇ ಇರುತ್ತದೆ. ದಟ್ಟ ಹುಲ್ಲಿನಲ್ಲಿ ಜಿಪಿಎಸ್ ಹೇಳಿದ ಜಾಗದಲ್ಲೇ ನಿಂತಿದ್ದರೂ ಡ್ರೋನ್ ಕಾಣುವುದಿಲ್ಲ, ಸದ್ದೇ ಗತಿ. ಮೈಮೇಲೆ ನಿಮ್ಮ ಫೋನ್ ನಂಬರ್ ಬರೆದಿರಲಿ.

ಹದ್ದು, ಗಿಡುಗ ಹತ್ತಿರ ಬಂದರೆ?

ನೇರ ಮೇಲೇರಿ. ಅಷ್ಟು ಬೇಗ ಏರುವುದು ಅವುಗಳಿಗೆ ಕಷ್ಟ. ಆಮೇಲೆ ಆ ಜಾಗ ಬಿಟ್ಟುಬಿಡಿ. ಅಲ್ಲಿ ಗೂಡಿರಬಹುದು, ಅದು ಅವುಗಳ ಮನೆ. ಗೂಡು ಕಟ್ಟುವ ಕಾಲದಲ್ಲಿ ಬಂಡೆಗಳ ಅಂಚಿಗೆ ಹೋಗಲೇಬೇಡಿ.

ಮೊದಲ ದೂರದ ಹಾರಾಟಕ್ಕೆ ಹೇಗೆ ಸಿದ್ಧವಾಗಲಿ?

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲ ಪ್ಯಾಕ್‌ಗಳನ್ನು ತಲೆಯ ಮೇಲೆಯೇ ಸುತ್ತಿಸಿ ಖಾಲಿ ಮಾಡಿ. ಎಷ್ಟು ನಿಮಿಷ ಬಂತು, ಯಾವ ವೇಗದಲ್ಲಿ ಕಿಲೋಮೀಟರ್‌ಗೆ ಕಡಿಮೆ ಎಂಎಎಚ್ ಆಗುತ್ತದೆ ಎಂದು ಬರೆದಿಡಿ. ತೀರಾ ನಿಧಾನವೂ ದುಬಾರಿ, ತೀರಾ ವೇಗವೂ ದುಬಾರಿ, ನಡುವೆ ಎಲ್ಲೋ ನಿಮ್ಮ ಡ್ರೋನಿನ ಹದ ಇದೆ. ಆಮೇಲೆ 500 ಮೀಟರ್, ಆಮೇಲೆ 1 ಕಿಲೋಮೀಟರ್. ಪ್ರತಿ ಸಲವೂ ಅದೇ ದಾರಿಯಲ್ಲಿ ಹೋಗಿ ಬನ್ನಿ, ಎಲ್ಲಿ ಸಿಗ್ನಲ್ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ಮನೆ, ರಸ್ತೆ, ಜನರ ಮೇಲಿನ ದಾರಿ ಆರಿಸಬೇಡಿ. ಬಿದ್ದರೆ ಯಾರಿಗೂ ಏನೂ ಆಗಬಾರದು ಅನ್ನುವ ದಾರಿಯೇ ದಾರಿ.

ಹೊರಡುವ ಮುನ್ನ ಪ್ರೊಪೆಲ್ಲರ್ ನಟ್‌ಗಳನ್ನು ಕೈಯಲ್ಲಿ ಮುಟ್ಟಿ ನೋಡಿ. ಬ್ಯಾಟರಿ ಪಟ್ಟಿ ಎಳೆದು ನೋಡಿ. ಆಂಟೆನಾ ಬಿಗಿಯಾಗಿದೆಯೇ, ಉಪಗ್ರಹ ಎಷ್ಟು, ರೆಕಾರ್ಡಿಂಗ್ ಶುರುವಾಗಿದೆಯೇ ನೋಡಿ. ಪಕ್ಕದಲ್ಲಿ ನಿಂತು ಆಕಾಶ ನೋಡುವವರಿಗೆ ಎತ್ತ ಹೋಗುತ್ತೀರಿ, ಎಷ್ಟು ಖರ್ಚಾದಾಗ ತಿರುಗುತ್ತೀರಿ ಎಂದು ಮೊದಲೇ ಹೇಳಿ, ಆ ಅಂಕಿ ಬಂದಾಗ ಜೋರಾಗಿ ಓದಿ ಹೇಳಿ. ಇನ್ನು ಸ್ವಲ್ಪ ಮುಂದೆ ಹೋಗೋಣ ಅಂತ ನಿಮಗೆ ಆಸೆಯಾದರೂ ಸಾಕು ತಿರುಗು ಅನ್ನಲು ಅವರಿಗೆ ಹಕ್ಕು ಕೊಟ್ಟಿರಿ.